ಒಸಾಕಾದ ‘ಬರೋಕಾದರೆ ಬರ್ತೀನಿ’, ನಮ್ಮೂರಿನ ‘ನೋಡೋಣ’

ಓದುಗರ ಪ್ರಶ್ನೆ

“ನನಗೆ 29 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಕಳೆದ ನವೆಂಬರ್‌ನಲ್ಲಿ ಆಫೀಸ್ ಕೆಲಸದ ಮೇಲೆ ಎರಡು ವಾರ ಟೋಕಿಯೋಗೆ ಹೋಗಿದ್ದೆ. ಅಲ್ಲಿನ ಸಹೋದ್ಯೋಗಿಗಳು ಶುಕ್ರವಾರ ರಾತ್ರಿ ಹೆಗಲ ಮೇಲೆ ಕೈ ಹಾಕಿ ಹಾಡಿದರು. ಸೋಮವಾರ ನೋಡಿದರೆ ಗುರುತೇ ಇಲ್ಲದವರ ಹಾಗೆ ತಲೆ ಬಾಗಿಸಿ ಹೋದರು. ಕೊನೆಯ ಮೂರು ದಿನ ಕ್ಯೋಟೋದ ಒಂದು ಗೆಸ್ಟ್‌ಹೌಸ್‌ನಲ್ಲಿದ್ದೆ. ಅಲ್ಲಿನ ಅಡುಗೆಮನೆಯಲ್ಲಿ ಒಸಾಕಾದ ಹುಡುಗಿಯೊಬ್ಬರು ಪರಿಚಯವಾದರು. ನಾನು ಮಾಡಿದ ಉಪ್ಪಿಟ್ಟು ತಿಂದರು. ಎರಡು ಗಂಟೆ ಮಾತಾಡಿದೆವು. ಲೈನ್ ಆ್ಯಪ್‌ನಲ್ಲಿ ಅವರೇ ಸೇರಿಸಿಕೊಂಡರು.

ಆಮೇಲೆ ನಾನು ನಾಲ್ಕು ಮೆಸೇಜ್ ಕಳಿಸಿದರೆ ಒಂದು ಉತ್ತರ ಬರುತ್ತದೆ. ಅದೂ ಎರಡು ಮೂರು ದಿನ ಬಿಟ್ಟು. ಈಗ ಏಪ್ರಿಲ್ 3ರಿಂದ 20ರವರೆಗೆ ಸ್ವಂತ ದುಡ್ಡಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಟೋಕಿಯೋ, ನಿಕ್ಕೋ, ಕನಾಜಾವಾ, ಕ್ಯೋಟೋ, ಒಸಾಕಾ, ಹಿರೋಶಿಮಾ, ಫುಕುಓಕಾ ಎಲ್ಲ ಪ್ಲಾನ್ ಆಗಿದೆ. ‘5ನೇ ತಾರೀಕು ಒಸಾಕಾದಲ್ಲಿ ಸಿಗೋಣವಾ?’ ಅಂತ ಕೇಳಿದೆ. ‘ಏಪ್ರಿಲ್ ಶುರುವಿನಲ್ಲಿ ಸ್ವಲ್ಪ ಕೆಲಸ ಜಾಸ್ತಿ, ಇಕೆತರ ಇಕು’ ಅಂತ ಬರೆದರು. ಅನುವಾದದ ಆ್ಯಪ್ ಅದನ್ನು ‘ಬರೋಕಾದರೆ ಬರ್ತೀನಿ’ ಅಂದಿತು.

ಒಬ್ಬ ಫ್ರೆಂಡ್ ‘ವಿದೇಶಿ ಹುಡುಗರು ಅಂದ್ರೆ ಅಲ್ಲಿ ಕ್ರೇಜ್ ಕಣೋ, ಸೀದಾ ಅವಳ ಆಫೀಸ್ ಹತ್ರ ಹೋಗಿ ಸರ್‌ಪ್ರೈಸ್ ಕೊಡು’ ಅನ್ನುತ್ತಾನೆ. ಇನ್ನೊಬ್ಬ ‘ಅವರು ಹೊರಗಿನವರನ್ನ ಹತ್ತಿರಕ್ಕೇ ಸೇರಿಸಲ್ಲ, ಸುಮ್ನೆ ದೇವಸ್ಥಾನ ನೋಡ್ಕೊಂಡು ಬಾ’ ಅನ್ನುತ್ತಾನೆ. ನಾನು ಕುಡಿಯುವುದಿಲ್ಲ, ಮಾಂಸ ಮೀನು ತಿನ್ನುವುದಿಲ್ಲ. ಗೊತ್ತಿರುವುದು ಬ್ಯಾಡ್ಮಿಂಟನ್ ಒಂದೇ. ಪ್ರೀತಿ ಅಂತ ಹೇಳಲಾರೆ, ಸ್ನೇಹವಾದರೂ ಸಾಕು. ಹೇಗೆ ಮುಂದುವರಿಯಲಿ? ಅವರಿಗೆ ಏನಾದರೂ ಗಿಫ್ಟ್ ಒಯ್ಯಲಾ?”

ತಜ್ಞರ ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಹಳ ವಿಷಯ ಬರೆದಿದ್ದೀರಿ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಸಾಲು. ಆಕೆ ‘ಹೌದು’ ಅಂದರಾ, ‘ಇಲ್ಲ’ ಅಂದರಾ?

ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ. ಬಹುಮಟ್ಟಿಗೆ ‘ಇಲ್ಲ’ ಅಂದಿದ್ದಾರೆ. ಬಾಗಿಲಿಗೆ ಚಿಲಕ ಹಾಕಿಲ್ಲ, ಆದರೆ ತೆರೆದೂ ಇಟ್ಟಿಲ್ಲ.

‘ಇಕೆತರ ಇಕು’ ಅನ್ನುವುದು ಒಸಾಕಾ ಕಡೆ ಹಳೇ ಜೋಕು. ಪದದ ಅರ್ಥ ನಿಮ್ಮ ಆ್ಯಪ್ ಹೇಳಿದ್ದೇ. ಆದರೆ ಹಾಗಂದವರಿಗೆ ಕುರ್ಚಿ ಹಿಡಿದಿಡಬೇಡಿ ಅಂತ ಅಲ್ಲಿನವರೇ ನಗುತ್ತಾರೆ. ಟೋಕಿಯೋದವರು ಅದೇ ಮಾತು ಹೇಳಿದರೆ ಬಂದರೂ ಬರಬಹುದು. ಒಸಾಕಾದವರ ಬಾಯಲ್ಲಿ ಅದು ‘ನಿಮ್ಮ ಮನಸ್ಸು ನೋಯಿಸಲಾರೆ, ಆದರೆ ನನ್ನನ್ನು ಕಾಯಬೇಡಿ’ ಅಂತ.

ಇದನ್ನು ಕೇಳಿ ಜಪಾನಿಯರು ಎಷ್ಟು ಸುತ್ತಿ ಬಳಸಿ ಮಾತಾಡುತ್ತಾರಪ್ಪಾ ಅಂತ ಅನಿಸಬಹುದು. ನಾವೇನು ಕಡಿಮೆಯಾ? ಮದುವೆಗೆ ಕರೆಯಲು ಬಂದವರಿಗೆ ‘ನೋಡೋಣ, ಬರೋಕೆ ಪ್ರಯತ್ನ ಮಾಡ್ತೀವಿ’ ಅನ್ನುತ್ತೇವೆ. ಅವರೂ ಅಲ್ಲೇ ಮನಸ್ಸಿನಲ್ಲಿ ಎರಡು ಎಲೆ ಕಡಿಮೆ ಮಾಡಿಕೊಳ್ಳುತ್ತಾರೆ. ‘ಒಂದ್ಸಲ ಊಟಕ್ಕೆ ಬನ್ರೀ’ ಅಂತ ಬಸ್ ಸ್ಟಾಂಡಿನಲ್ಲಿ ಹೇಳಿದವರ ಮನೆಗೆ ಯಾರೂ ಮರುದಿನ ಹೋಗಿ ಕೂರುವುದಿಲ್ಲ. ದಿನ ಹೇಳದ ಕರೆ ಕರೆಯಲ್ಲ ಅಂತ ನಮಗೆ ಯಾರೂ ಕಲಿಸಲಿಲ್ಲ, ಆದರೂ ಗೊತ್ತು. ಕ್ಯೋಟೋದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮನೆಗೆ ಬಂದವರಿಗೆ ‘ಬುಬುಝುಕೆ ತಗೊಳ್ತೀರಾ?’ ಅಂತ ಕೇಳಿದರೆ, ಅಂದರೆ ಅನ್ನಕ್ಕೆ ಬಿಸಿ ಚಹಾ ಹುಯ್ದ ತಿಂಡಿ ಬೇಕಾ ಅಂದರೆ, ‘ಹೊತ್ತಾಯಿತು, ಹೊರಡಿ’ ಅಂತ ಅರ್ಥ ಅನ್ನುವ ಮಾತು ಜಪಾನಿನ ಉದ್ದಗಲಕ್ಕೂ ಪ್ರಸಿದ್ಧ. ಕ್ಯೋಟೋದವರು ಅದು ಬರೀ ಕಟ್ಟುಕತೆ ಅನ್ನುತ್ತಾರೆ. ಅದನ್ನೂ ಎಷ್ಟು ನಂಬಬೇಕೋ!

ನಾನು 11 ವರ್ಷ ಯೊಕೊಹಾಮಾ ಮತ್ತು ಒಸಾಕಾದಲ್ಲಿ ದುಭಾಷಿಯಾಗಿದ್ದೆ. ಈಗ ಬೆಂಗಳೂರು, ಬಿಡದಿ ಕಡೆಯಿಂದ ಜಪಾನಿಗೆ ಕೆಲಸಕ್ಕೆ ಹೋಗುವವರಿಗೆ ತರಬೇತಿ ಕೊಡುತ್ತೇನೆ. ಹಾಗಂತ ನಾನು ಎಡವಿಲ್ಲ ಅಂದುಕೊಳ್ಳಬೇಡಿ. ಹೋದ ಮೊದಲ ವರ್ಷ ಪರಿಚಯದ ಹೆಂಗಸೊಬ್ಬರು ಮನೆ ಬದಲಿಸಿ ಕಾರ್ಡ್ ಕಳಿಸಿದರು. ‘ಈ ಕಡೆ ಬಂದಾಗ ತಪ್ಪದೆ ಮನೆಗೆ ಬನ್ನಿ’ ಅಂತ ಅದರಲ್ಲಿ ಅಚ್ಚಾಗಿತ್ತು. ಅಚ್ಚಾಗಿತ್ತು, ಕೈಯಲ್ಲಿ ಬರೆದದ್ದಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಭಾನುವಾರ ಬೆಳಿಗ್ಗೆ 11ಕ್ಕೆ, ಮನೆಯಲ್ಲೇ ಮಾಡಿದ ಮೈಸೂರ್ ಪಾಕ್ ಡಬ್ಬಿ ಹಿಡಿದು ಬೆಲ್ ಒತ್ತಿದೆ. ಒಳಗಿನಿಂದ ‘ಹೈ?’, ಅಂದರೆ ‘ಹೌದು?’, ಅಂತ ಒಂದು ಧ್ವನಿ. ನನ್ನ ಹೆಸರು ಹೇಳಿದೆ. ಆಮೇಲೆ ಐದು ನಿಮಿಷ ಸದ್ದೇ ಇಲ್ಲ. ಬಾಗಿಲು ತೆರೆದಾಗ ಅವರ ತಲೆಗೂದಲು ಒದ್ದೆ, ಕಾಲಿಗೆ ಗಂಡನ ದೊಡ್ಡ ಚಪ್ಪಲಿ. ಡಬ್ಬಿ ತೆಗೆದುಕೊಂಡು ಏಳೆಂಟು ಸಲ ಬಾಗಿದರು. ನಾನೂ ಬಾಗಿದೆ. ಬಾಗಿಲು ಮುಚ್ಚಿತು. ಮೂರು ದಿನ ಬಿಟ್ಟು ಗೆಳತಿಯೊಬ್ಬಳ ಕೈಯಲ್ಲಿ ಆ ಡಬ್ಬಿ ವಾಪಸ್ ಬಂತು, ಒಳಗೆ ಆರು ಕಾಕಿ ಹಣ್ಣು. ಖಾಲಿ ಡಬ್ಬಿ ಕೊಡಬಾರದು ಅನ್ನುವುದು ಅವರಲ್ಲೂ ಇದೆ ನೋಡಿ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನಾನು ಬರುವ ದಿನ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆವತ್ತಿನಿಂದ ನಾನು ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ಬೇರೆ ದಿನ ಹೇಳಿದರಾ? ‘5 ಆಗಲ್ಲ, 12 ಆಗುತ್ತಾ?’ ಅಂದರೆ ಅದು ಹೌದು, ಗಟ್ಟಿ ಹೌದು. ‘5 ಸ್ವಲ್ಪ ಕಷ್ಟ…’ ಅಂತ ನಿಲ್ಲಿಸಿದರೆ ಅದು ಇಲ್ಲ. ಜಪಾನಿ ಭಾಷೆಯಲ್ಲಿ ‘ಚೊತ್ತೊ’ ಅಂದರೆ ಸ್ವಲ್ಪ. ಆದರೆ ‘ಚೊತ್ತೊ…’ ಅಂತ ಎಳೆದು ಬಿಟ್ಟರೆ ಮುಂದಿನದು ಹೇಳಬೇಕಾಗಿಯೇ ಇಲ್ಲ. ‘ಮತ ಕೊಂದೊ’, ಅಂದರೆ ‘ಇನ್ನೊಂದು ಸಲ’, ಇದನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಬೇಡಿ.

ಆದರೆ ಆಕೆಯ ಪರವಾಗಿಯೂ ಎರಡು ಮಾತು ಹೇಳಬೇಕು. ಒಂದು, ನೀವು ಆರಿಸಿದ ದಿನ. ಏಪ್ರಿಲ್ 1ಕ್ಕೆ ಜಪಾನಿನಲ್ಲಿ ಲೆಕ್ಕದ ವರ್ಷ ಮಾತ್ರ ಶುರುವಾಗುವುದಿಲ್ಲ, ಅದು ನಮ್ಮಲ್ಲೂ ಇದೆ. ಅಲ್ಲಿ ಶಾಲೆ ಕಾಲೇಜು ಶುರುವಾಗುವುದೂ, ಹೊಸಬರು ಕೆಲಸಕ್ಕೆ ಸೇರುವುದೂ, ಕಂಪನಿಗಳಲ್ಲಿ ವರ್ಗಾವಣೆ ಆಗುವುದೂ ಅದೇ ಹೊತ್ತಿಗೆ. ಮೇಲಿಂದ ಚೆರ್ರಿ ಹೂವಿನ ಕಾಲ, ಆಫೀಸಿನವರೆಲ್ಲ ಮರದಡಿ ಚಾಪೆ ಹಾಸಿ ಕೂರುವ ಕಾಲ. 5ನೇ ತಾರೀಕು ಅನ್ನುವುದು ಕೆಲಸ ಮಾಡುವ ಜಪಾನಿಯರಿಗೆ ವರ್ಷದ ಅತಿ ಗಜಿಬಿಜಿಯ ದಿನಗಳಲ್ಲೊಂದು. ‘ಕೆಲಸ ಜಾಸ್ತಿ’ ಅನ್ನುವುದು ನೆಪವೇ ಆಗಿರಬೇಕಿಲ್ಲ.

ಎರಡು, ಮೆಸೇಜಿನ ನಿಧಾನ. ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿದ್ದರೂ ತಪ್ಪಾದೀತು ಅಂತ ಹೆದರುವವರು ಅಲ್ಲಿ ಬಹಳ. ನಿಮ್ಮ ಒಂದು ಉದ್ದದ ಮೆಸೇಜಿಗೆ ಉತ್ತರ ಬರೆಯುವುದು ಅವರಿಗೆ ಪರೀಕ್ಷೆ ಬರೆದ ಹಾಗೆ. ಮೂರು ಪರೀಕ್ಷೆ ಬಾಕಿ ಇರುವಾಗ ನೀವು ನಾಲ್ಕನೆಯದು ಕಳಿಸಿದಿರಿ. ನಾಲ್ಕಕ್ಕೆ ಒಂದು ಅನ್ನುವ ಲೆಕ್ಕ ಮೊದಲು ನಿಲ್ಲಲಿ. ಒಂದಕ್ಕೆ ಒಂದು. ಚಿಕ್ಕ ವಾಕ್ಯ, ಒಂದು ಫೋಟೋ, ಒಂದು ಸುಲಭದ ಪ್ರಶ್ನೆ.

ಎದುರಿಗೆ ಕೂತು ಮಾತಾಡುವಾಗಲೂ ಒಂದು ಗೊಂದಲ ಇದೆ. ನೀವು ಮಾತಾಡುತ್ತಿದ್ದರೆ ಅವರು ಪ್ರತಿ ವಾಕ್ಯಕ್ಕೂ ‘ಹೈ, ಹೈ’ ಅನ್ನುತ್ತಾ ತಲೆಯಾಡಿಸುತ್ತಾರೆ. ಒಪ್ಪಿಗೆ ಅಂದುಕೊಂಡು ನಮ್ಮವರು ಮೋಸ ಹೋಗುತ್ತಾರೆ. ಅದು ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವಲ್ಲ, ಅದೇ. ಕೇಳಿಸುತ್ತಿದೆ, ಮುಂದೆ ಹೇಳಿ ಅಂತ. ನಾವು ತಲೆಯನ್ನು ಅಡ್ಡಡ್ಡ ಓಲಾಡಿಸಿ ‘ಆಯ್ತು’ ಅನ್ನುವುದು ಅವರಿಗೂ ಅಷ್ಟೇ ಗೋಜಲು.

ಈಗ ನಿಮ್ಮ ಫ್ರೆಂಡ್ ಹೇಳಿದ ಸರ್‌ಪ್ರೈಸ್ ವಿಷಯ. ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ: ಬೇಡ. ಆಫೀಸಿನ ಹತ್ತಿರ ಹೋಗಿ ನಿಲ್ಲಬೇಡಿ. ಜಪಾನಿನಲ್ಲಿ ಹಿಂಬಾಲಿಸುವುದನ್ನು ತಡೆಯುವ ಕಾನೂನು 2000ರಲ್ಲಿ ಬಂತು. ಬೇಡ ಅಂದ ಮೇಲೂ ಮನೆ, ಆಫೀಸಿನ ಹತ್ತಿರ ಕಾಯುವುದು ಅದರಡಿ ಬರುತ್ತದೆ. 2016ರ ತಿದ್ದುಪಡಿಯಲ್ಲಿ ಬೇಡ ಅಂದರೂ ಮತ್ತೆ ಮತ್ತೆ ಸೋಷಿಯಲ್ ಮೀಡಿಯಾ ಮೆಸೇಜ್ ಕಳಿಸುವುದೂ ಸೇರಿತು. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಒಪ್ಪುತ್ತೇನೆ. ಆದರೆ ಆಕೆಗೆ ಕಾಣುವುದೇನು? ಒಂದು ಸಲ ಉಪ್ಪಿಟ್ಟು ತಿಂದ ಪರಿಚಯದ ಗಂಡಸು ಸಾವಿರಾರು ಮೈಲಿ ದಾಟಿ ಬಂದು ಆಫೀಸ್ ಗೇಟಿನಲ್ಲಿ ನಿಂತಿದ್ದಾನೆ. ಅಲ್ಲಿ ಪೊಲೀಸರು ಬಂಧಿಸಿದರೆ ಆರೋಪ ಹೊರಿಸುವ ಮೊದಲೇ ಒಂದು ಕೇಸಿನಲ್ಲಿ 23 ದಿನದವರೆಗೆ ಇಟ್ಟುಕೊಳ್ಳಬಹುದು. ನಿಮ್ಮ ರಜೆ ಇರುವುದೇ 18 ದಿನ.

‘ವಿದೇಶಿ ಅಂದ್ರೆ ಕ್ರೇಜ್’ ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಗಂತ ಹೇಳುವವರು ಸಾಮಾನ್ಯವಾಗಿ ಒಂದು ಬೀದಿಯ ನಾಲ್ಕು ಬಾರ್ ನೋಡಿ ಬಂದಿರುತ್ತಾರೆ. ಅಲ್ಲಿ ಸಂಗಾತಿ ಇಲ್ಲದಿರುವುದೇ ಸಾಮಾನ್ಯ. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 18ರಿಂದ 34 ವರ್ಷದ ಅವಿವಾಹಿತ ಗಂಡಸರಲ್ಲಿ ಹತ್ತಕ್ಕೆ ಏಳು ಜನ, ಹೆಂಗಸರಲ್ಲಿ ಆರಕ್ಕಿಂತ ಜಾಸ್ತಿ ಜನ ಸಂಗಾತಿ ಇಲ್ಲ ಅಂದಿದ್ದರು. ಅದನ್ನು ‘ಕಾಯುತ್ತಾ ಕೂತಿದ್ದಾರೆ’ ಅಂತ ಓದಿಕೊಳ್ಳಬೇಡಿ. ಬಹಳ ಜನ ಕೆಲಸ, ತಮ್ಮ ಹವ್ಯಾಸ, ಒಬ್ಬರೇ ಊಟ ಮಾಡುವ ನೆಮ್ಮದಿ, ಇಷ್ಟರಲ್ಲಿ ಆರಾಮಾಗಿದ್ದಾರೆ. ಇನ್ನೊಂದು ಕಷ್ಟದ ಮಾತೂ ಹೇಳಿಬಿಡುತ್ತೇನೆ. ಮೈಬಣ್ಣ ನೋಡಿ ಹಿಂದೆ ಸರಿಯುವವರು ಅಲ್ಲೂ ಇದ್ದಾರೆ. ಇಂಡಿಯಾ ಅಂದ ಕೂಡಲೇ ಕರ್ರಿ, ಕಂಪ್ಯೂಟರ್, ಮಗ್ಗಿ ಅನ್ನುವವರೂ ಇದ್ದಾರೆ. ಭಾರತದವರಿಗೆಲ್ಲ 19ರ ಮಗ್ಗಿ ಬಾಯಿಪಾಠ ಅಂತ ಅಲ್ಲಿ ಬಹಳ ಜನ ನಂಬಿದ್ದಾರೆ. ಕಲಿತುಕೊಂಡು ಹೋಗಿ, ಮಾತು ಶುರುಮಾಡಲು ಚೆನ್ನಾಗಿದೆ.

ಎರಡನೇ ಫ್ರೆಂಡ್ ಹೇಳಿದ್ದೂ ಪೂರ್ತಿ ನಿಜವಲ್ಲ. ನಿಮ್ಮ ಶುಕ್ರವಾರ ಮತ್ತು ಸೋಮವಾರದ ಕತೆ ಅದಕ್ಕೆ ಸರಿಯಾದ ಉದಾಹರಣೆ. ಅಲ್ಲಿ ಕುಡಿಯುವ ಮೇಜಿಗೆ ಬೇರೆಯೇ ನಿಯಮ. ‘ನೊಮು’ ಅಂದರೆ ಕುಡಿಯುವುದು. ಅದನ್ನು ಕಮ್ಯುನಿಕೇಶನ್ ಜೊತೆ ಸೇರಿಸಿ ‘ನೊಮಿನಿಕೇಶನ್’ ಅಂತ ಅವರೇ ಒಂದು ಪದ ಮಾಡಿಕೊಂಡಿದ್ದಾರೆ. ಆ ಮೇಜಿನಲ್ಲಿ ಆಡಿದ್ದನ್ನು ಬೆಳಿಗ್ಗೆ ಆಫೀಸಿನಲ್ಲಿ ಎತ್ತುವುದಿಲ್ಲ. ಅದು ಮರೆತದ್ದಲ್ಲ, ಒಂದು ಮರ್ಯಾದೆ. ಶುಕ್ರವಾರದ ನಗು ಸುಳ್ಳಲ್ಲ, ಸೋಮವಾರದ ನಮಸ್ಕಾರವೂ ಸುಳ್ಳಲ್ಲ. ನೀವು ಇನ್ನೂ ನಾಲ್ಕು ಶುಕ್ರವಾರ ಇದ್ದಿದ್ದರೆ ಸೋಮವಾರವೂ ಬದಲಾಗುತ್ತಿತ್ತು.

ಅಲ್ಲಿ ‘ಉಚಿ’ ಅಂದರೆ ಒಳಗು, ‘ಸೊತೊ’ ಅಂದರೆ ಹೊರಗು. ಹೊರಗಿನಿಂದ ಒಳಗೆ ಬರಲು ಎರಡೇ ದಾರಿ. ಒಂದು, ಒಳಗಿನವರು ಯಾರಾದರೂ ಪರಿಚಯ ಮಾಡಿಕೊಡಬೇಕು. ಕ್ಯೋಟೋದ ಹಳೆಯ ಚಹಾಮನೆಗಳಲ್ಲಿ ಪರಿಚಯ ಇಲ್ಲದ ಹೊಸಬರಿಗೆ, ಅವರು ಎಂಥ ಶ್ರೀಮಂತರಾದರೂ, ಪ್ರವೇಶವಿಲ್ಲ ಅನ್ನುವ ಪದ್ಧತಿ ಇವತ್ತಿಗೂ ಇದೆ. ‘ಯಾರ ಕಡೆಯವರು ನೀವು?’ ಅಂತ ನಮ್ಮ ಹಳ್ಳಿಗಳಲ್ಲಿ ಕೇಳುತ್ತಾರಲ್ಲ, ಅದೇ ಪ್ರಶ್ನೆ. ಎರಡನೇ ದಾರಿ, ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಮತ್ತೆ ಮತ್ತೆ ಹೋಗುವುದು. ಪ್ರವಾಸಿಗೆ ಸೋಲಾಗುವುದು ಇಲ್ಲೇ. ಮುಖ ಪರಿಚಯ ಆಗುವ ಹೊತ್ತಿಗೆ ಅವನು ಇನ್ನೊಂದು ಊರಿನ ರೈಲಿನಲ್ಲಿರುತ್ತಾನೆ.

ಹಾಗಾಗಿ ನಿಮ್ಮ ಪ್ಲಾನ್ ಕಡೆ ಬರುತ್ತೇನೆ. 18 ದಿನಕ್ಕೆ ಏಳು ಊರು! ನೀವು ಕೇಳಿದ್ದು ಸ್ನೇಹ, ಬುಕ್ ಮಾಡಿದ್ದು ರೈಲು. ಎರಡು ಊರು ಸಾಕು. ಟೋಕಿಯೋದಲ್ಲಿ ಎಂಟು ದಿನ, ಒಸಾಕಾ ಅಥವಾ ಕ್ಯೋಟೋದಲ್ಲಿ ಉಳಿದ ದಿನ. ನಿಕ್ಕೋ ಬೇಕಾದರೆ ಟೋಕಿಯೋದಿಂದ ಬೆಳಿಗ್ಗೆ ಹೋಗಿ ಸಂಜೆ ಬನ್ನಿ.

ಇಳಿದುಕೊಂಡ ಜಾಗದ ಹತ್ತಿರ ಒಂದು ಹಳೇ ಕಾಫಿ ಅಂಗಡಿ ಹುಡುಕಿ, ಅವರು ‘ಕಿಸ್ಸಾತೆನ್’ ಅನ್ನುತ್ತಾರೆ. ಬೆಳಿಗ್ಗೆ ಕಾಫಿಯ ದುಡ್ಡಿಗೇ ದಪ್ಪ ಟೋಸ್ಟ್, ಬೇಯಿಸಿದ ಮೊಟ್ಟೆ ಬರುವ ‘ಮೋನಿಂಗು’ ಸಿಗುತ್ತದೆ. ನಾಗೋಯಾ ಇದಕ್ಕೆ ಹೆಸರುವಾಸಿ, ಬೇರೆ ಊರುಗಳಲ್ಲೂ ಇದೆ. ಮೊಟ್ಟೆ ಬೇಡ ಅಂದರೆ ಬೇಡ ಅನ್ನಿ. ಟೇಬಲ್ ಬಿಟ್ಟು ಕೌಂಟರಿನಲ್ಲಿ ಕೂರಿ. ಮೊದಲ ದಿನ ಯಾರೂ ಮಾತಾಡುವುದಿಲ್ಲ. ಎರಡನೇ ದಿನ ಮಾಲೀಕರು ನಿಮ್ಮ ಮುಖ ನೋಡಿ ಒಂದು ಚೂರು ತಲೆ ಬಗ್ಗಿಸುತ್ತಾರೆ. ಮೂರನೇ ದಿನ ಮೊಟ್ಟೆ ಇಲ್ಲದ ತಟ್ಟೆ ಕೇಳದೆಯೇ ಬರುತ್ತದೆ. ನಾಲ್ಕನೇ ದಿನ ಪಕ್ಕದಲ್ಲಿ ಪೇಪರ್ ಓದುವ ತಾತ ‘ಯಾವ ದೇಶ?’ ಅನ್ನುತ್ತಾರೆ. ನೀವು ನಿರೀಕ್ಷಿಸಿದ ಗೆಳೆಯ 70 ವರ್ಷದವರಾಗಿರಲಿಕ್ಕಿಲ್ಲ, ಆದರೆ ಆ ತಾತನಿಗೆ ಮೊಮ್ಮಕ್ಕಳು, ಅಳಿಯಂದಿರು, ಆಟದ ಕ್ಲಬ್ಬು ಎಲ್ಲ ಇರುತ್ತದೆ. ಪರಿಚಯ ಹೀಗೇ ಹುಟ್ಟುವುದು.

ಬ್ಯಾಡ್ಮಿಂಟನ್ ಒಂದೇ ಗೊತ್ತು ಅಂತ ಬೇಜಾರಿನಲ್ಲಿ ಬರೆದಿದ್ದೀರಿ. ಅದೇ ನಿಮ್ಮ ಕೈಯಲ್ಲಿರುವ ಒಳ್ಳೆಯ ಚೀಟಿ. ಟೋಕಿಯೋದ 23 ವಾರ್ಡ್‌ಗಳಲ್ಲಿ ಸರ್ಕಾರಿ ಒಳಾಂಗಣ ಕ್ರೀಡಾಂಗಣಗಳಿವೆ, ಹೆಸರು ‘ತೈಇಕುಕಾನ್’. ತಂಡ ಇಲ್ಲದೆ ಒಬ್ಬರೇ ಬಂದವರಿಗೂ ವಾರದಲ್ಲಿ ಕೆಲವು ಹೊತ್ತು ಬಿಟ್ಟಿರುತ್ತಾರೆ. ಅದನ್ನು ‘ಕೊಜಿನ್ ಕೈಹೋ’ ಅನ್ನುತ್ತಾರೆ. ಕೆಲವು ನೂರು ಯೆನ್ ಕೊಟ್ಟರೆ ಆಯ್ತು. ಕೆಲವು ಕಡೆ ಆ ವಾರ್ಡಿನವರಿಗೆ ಮಾತ್ರ, ಮೊದಲೇ ವಿಚಾರಿಸಿಕೊಳ್ಳಿ. ಒಸಾಕಾದಲ್ಲೂ ವಾರ್ಡ್‌ಗಳ ಸ್ಪೋರ್ಟ್ಸ್ ಸೆಂಟರ್‌ಗಳಿವೆ. ಒಬ್ಬರೇ ಬಂದವರು ಇನ್ನೊಬ್ಬ ಒಂಟಿಯನ್ನು ಹುಡುಕಲೇಬೇಕಲ್ಲ, ಆಟಕ್ಕೆ ಇಬ್ಬರು ಬೇಕು. ಭಾಷೆ ಬೇಕಾಗಿಲ್ಲ. ಆಟ ಮುಗಿದ ಮೇಲೆ 2017ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ನೆನಪಿಸಿ. ಗ್ಲಾಸ್ಗೋದಲ್ಲಿ ನೊಝೊಮಿ ಒಕುಹಾರಾ ನಮ್ಮ ಪಿ.ವಿ. ಸಿಂಧು ಅವರನ್ನು ಸೋಲಿಸಿದ್ದು, 110 ನಿಮಿಷದ ಆಟ. ಜಪಾನಿನಲ್ಲಿ ಬ್ಯಾಡ್ಮಿಂಟನ್ ಆಡುವವರಿಗೆ ಅದು ಚೆನ್ನಾಗಿ ನೆನಪಿದೆ. ಸೋತವರ ಕಡೆಯವರು ಆ ಮಾತು ತೆಗೆದರೆ ಗೆದ್ದವರ ಕಡೆಯವರು ಖುಷಿಯಿಂದ ಮಾತಾಡುತ್ತಾರೆ.

ಇನ್ನೂ ಎರಡು ದಾರಿ ಇದೆ. ಟೋಕಿಯೋದ ಫುತಾಕೋ-ತಾಮಾಗಾವಾದಲ್ಲಿ 2019ರಲ್ಲಿ ಪಾರ್ಕ್‌ರನ್, ಅಂದರೆ ಎಲ್ಲರೂ ಒಟ್ಟಿಗೆ ಓಡುವ ಕಾರ್ಯಕ್ರಮ, ಶುರುವಾಯಿತು. ಶನಿವಾರ ಬೆಳಿಗ್ಗೆ 8ಕ್ಕೆ, 5 ಕಿಲೋಮೀಟರ್, ದುಡ್ಡಿಲ್ಲ. ಕುಡಿಯದವರಿಗೆ ಹೇಳಿ ಮಾಡಿಸಿದ ಹಾಗಿದೆ. ಮತ್ತೊಂದು, ಗುಡ್‌ವಿಲ್ ಗೈಡ್ ಅನ್ನುವ ಸ್ವಯಂಸೇವಕರ ಗುಂಪುಗಳು. ದಿನಪೂರ್ತಿ ಊರು ತೋರಿಸುತ್ತಾರೆ. ಸಂಬಳ ಇಲ್ಲ, ಅವರ ರೈಲು, ಟಿಕೆಟ್, ಊಟದ ಖರ್ಚು ನೀವು ಕೊಡಬೇಕು. ಮೊದಲೇ ಬುಕ್ ಮಾಡಬೇಕು.

ಊಟದ ವಿಷಯ ನಾಚಿಕೆ ಬಿಟ್ಟು ಮೊದಲೇ ಹೇಳಿ. ‘ಮಾಂಸ ತಿನ್ನಲ್ಲ’ ಅಂದರೆ ಅವರು ಮೀನು ತರುತ್ತಾರೆ. ‘ಮೀನೂ ತಿನ್ನಲ್ಲ’ ಅಂದರೂ ಸಾರಿನಲ್ಲಿ ‘ದಾಶಿ’ ಇರುತ್ತದೆ, ಅದನ್ನು ಸಾಮಾನ್ಯವಾಗಿ ಒಣಮೀನಿನಿಂದ ಕುದಿಸಿ ತೆಗೆಯುತ್ತಾರೆ. ಟೇಬಲ್ಲಿಗೆ ತಟ್ಟೆ ಬಂದ ಮೇಲೆ ನೀವು ‘ಇದು ಆಗಲ್ಲ’ ಅಂದರೆ ಕರೆದವರ ಮುಖ ಸಣ್ಣದಾಗುತ್ತದೆ. ಅದರ ಬದಲು ಜಾಗ ನೀವೇ ಆರಿಸಿ. ಭಾರತದ ಹೋಟೆಲ್ ಆದರೂ ಪರವಾಗಿಲ್ಲ, ಅಲ್ಲಿನವರಿಗೆ ನಾನ್ ಬಹಳ ಇಷ್ಟ. ಇಝಾಕಾಯಾಗೆ, ಅಂದರೆ ಊಟ ಸಿಗುವ ಪಾನಗೃಹಕ್ಕೆ ಕರೆದರೆ ಹೋಗಿ. ‘ಊರೊಂಚಾ’ ಅಂತ ತಣ್ಣನೆಯ ಚಹಾ ಹೇಳಿ ಕೂರಿ. ಕುಡಿಯದವರನ್ನು ಈಗ ಸಾಮಾನ್ಯವಾಗಿ ಯಾರೂ ಒತ್ತಾಯಿಸುವುದಿಲ್ಲ. ಕೂತ ಕೂಡಲೇ ಕೇಳದೆ ಒಂದು ಚಿಕ್ಕ ಬಟ್ಟಲು ಬರುತ್ತದೆ, ಬಿಲ್ಲಿನಲ್ಲಿ 300ರಿಂದ 500 ಯೆನ್ ಸೇರುತ್ತದೆ. ಅದು ‘ಒತೋಶಿ’, ಕೂರುವ ಬಾಡಿಗೆ ಇದ್ದ ಹಾಗೆ. ಜಗಳ ಬೇಡ. ಸ್ನೇಹಿತರ ನಡುವೆ ಬಿಲ್ ಹಂಚಿಕೊಳ್ಳುವುದು ವಾಡಿಕೆ. ‘ಛೇ ಛೇ ನಾನೇ ಕೊಡ್ತೀನಿ’ ಅಂತ ಕೌಂಟರಿನಲ್ಲಿ ಕೈ ಹಿಡಿದು ಎಳೆದಾಡುವ ನಮ್ಮ ಪದ್ಧತಿ ಅಲ್ಲಿ ಬೇಡ.

ಮುಂದೆ ಸ್ನೇಹ ದಾಟಿ ಹೋಗುವ ಹಾಗಿದ್ದರೆ ಒಂದು ಪದ ತಿಳಿದಿರಲಿ. ‘ಕೊಕುಹಾಕು’. ಎರಡು ಮೂರು ಸಲ ಭೇಟಿಯಾದ ಮೇಲೆ ಒಬ್ಬರು ‘ನೀವು ನನಗೆ ಇಷ್ಟ, ನನ್ನ ಜೊತೆ ಇರುತ್ತೀರಾ’ ಅಂತ ಬಾಯಿಬಿಟ್ಟು ಕೇಳಬೇಕು. ಅಷ್ಟು ಸುತ್ತಿ ಮಾತಾಡುವ ಜನ ಇಲ್ಲಿ ಮಾತ್ರ ನೇರ. ಅಲ್ಲಿಯವರೆಗೆ ಎಷ್ಟು ಕಾಫಿ ಕುಡಿದರೂ ಬಹಳ ಜನರ ಲೆಕ್ಕದಲ್ಲಿ ಅದು ಸಂಬಂಧವಲ್ಲ. ಆದ್ದರಿಂದ 18 ದಿನದಲ್ಲಿ ವಾಪಸ್ ಹೋಗುವವರು ಕೊಕುಹಾಕು ಮಾಡುವ ಮೊದಲು ಯೋಚಿಸಬೇಕು. 21ನೇ ತಾರೀಕು ಬೆಂಗಳೂರಿನಲ್ಲಿ ಕೂತು ಏನು ಮಾಡುತ್ತೀರಿ? ಉತ್ತರ ಇಲ್ಲದಿದ್ದರೆ ಕೇಳಬೇಡಿ.

ಡೇಟಿಂಗ್ ಆ್ಯಪ್ ಬಗ್ಗೆ ಚಿಕ್ಕದಾಗಿ. ಪೇರ್ಸ್‌ನಂಥ ಅಲ್ಲಿನ ಆ್ಯಪ್‌ಗಳು ಅಲ್ಲೇ ನೆಲೆಸಿದವರಿಗೆ, ಗುರುತಿನ ಚೀಟಿ ಕೇಳುತ್ತವೆ. ಟೋಕಿಯೋ ಸರ್ಕಾರವೇ 2024ರಲ್ಲಿ ಮದುವೆ ಬಯಸುವವರಿಗೆ ಒಂದು ಆ್ಯಪ್ ತಂದಿತು, ಅದರಲ್ಲಿ ಒಂಟಿ ಅನ್ನುವುದಕ್ಕೂ ದಾಖಲೆ ಕೊಡಬೇಕು. ಪ್ರವಾಸಿಗೆ ಉಳಿಯುವುದು ಟಿಂಡರ್, ಬಂಬಲ್. ‘ಪ್ರವಾಸಿ, 20ಕ್ಕೆ ವಾಪಸ್’ ಅಂತ ಮೊದಲ ಸಾಲಲ್ಲೇ ಬರೆಯಿರಿ.

ಲೈಂಗಿಕ ಅಪರಾಧಗಳ ಕಾನೂನು ಅಲ್ಲಿ 2023ರಲ್ಲಿ ಬಹಳ ಬದಲಾಗಿದೆ. ಒಪ್ಪಿಗೆಯ ವಯಸ್ಸು 13ರಿಂದ 16ಕ್ಕೆ ಏರಿತು. ಸ್ಥಳೀಯ ನಿಯಮಗಳು ಬೇರೆ ಇರುವುದರಿಂದ 18 ಆಗದವರ ವಿಷಯವೇ ಬೇಡ. ಕುಡಿದ ಸ್ಥಿತಿ, ಹೆದರಿಕೆ, ಇದ್ದಕ್ಕಿದ್ದ ಹಾಗೆ ಆದ ಗಾಬರಿ, ಇಂಥದರಿಂದ ‘ಬೇಡ’ ಅನ್ನಲಾಗದವರ ಜೊತೆಗಿನ ಲೈಂಗಿಕ ಸಂಪರ್ಕವೂ ಈಗ ಅಪರಾಧ. ಲೈಂಗಿಕ ಉದ್ದೇಶದ ಗುಟ್ಟಿನ ಫೋಟೋಕ್ಕೂ ಅದೇ ವರ್ಷ ಪ್ರತ್ಯೇಕ ಕಾನೂನು ಬಂತು. ಮೇಲೆ ಹೇಳಿದ ‘ಹೈ, ಹೈ’ ಮತ್ತು ‘ಚೊತ್ತೊ…’ ನೆನಪಿದೆಯಲ್ಲ? ಮಾತಿನಲ್ಲೇ ‘ಇಲ್ಲ’ ಅನ್ನದ ಜನ ಮೌನದಲ್ಲಿ ‘ಹೌದು’ ಅಂದರು ಅಂತ ಹೇಗೆ ತಿಳಿಯುವುದು? ಸ್ಪಷ್ಟವಾಗಿ ಕೇಳಿ. ಅನುಮಾನ ಇದ್ದರೆ ಕೊನೆಯ ರೈಲಿಗೆ ಬಿಟ್ಟು ಬನ್ನಿ. ಅದು ಮಧ್ಯರಾತ್ರಿಯ ಆಸುಪಾಸಿಗೆ ಹೋಗುತ್ತದೆ, ಮುಂದಿನದು ಬೆಳಗಿನ ಜಾವ 5ರ ಸುಮಾರಿಗೆ. ‘ನಿಮ್ಮ ರೈಲು ಎಷ್ಟಕ್ಕೆ?’ ಅಂತ ನೀವೇ ಮೊದಲು ಕೇಳಿದರೆ ಆಕೆಯ ಹೆಗಲು ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ಮೋಸದ ಜಾಗಗಳು ಗೊತ್ತಿರಲಿ. ಟೋಕಿಯೋದ ಕಬುಕಿಚೋ, ರೊಪ್ಪೊಂಗಿಯಲ್ಲಿ ರಾತ್ರಿ ಒಬ್ಬರೇ ನಡೆದರೆ ಯಾರಾದರೂ ಇಂಗ್ಲಿಷಿನಲ್ಲಿ ‘ಬ್ರದರ್’ ಅಂತ ಜೊತೆಗೆ ಹೆಜ್ಜೆ ಹಾಕುತ್ತಾರೆ. ಮೂರು ಸಾವಿರ ಯೆನ್ ಅಂತ ಕರೆದೊಯ್ದು, ಟೇಬಲ್ಲಿಗೆ ಇಷ್ಟು, ಐಸಿಗೆ ಇಷ್ಟು, ಪಕ್ಕ ಕೂತವಳ ಗ್ಲಾಸಿಗೆ ಇಷ್ಟು ಅಂತ ಲಕ್ಷ ಯೆನ್ ಬಿಲ್ ಮಾಡುತ್ತಾರೆ. ಇದಕ್ಕೆ ‘ಬೊತ್ತಾಕುರಿ’ ಅಂತಲೇ ಹೆಸರು. ಕಬುಕಿಚೋದಲ್ಲಿ ಧ್ವನಿವರ್ಧಕದಲ್ಲೇ ಎಚ್ಚರಿಕೆ ಹೇಳುತ್ತಿರುತ್ತಾರೆ. ಗ್ಲಾಸಿಗೆ ಮತ್ತಿನ ಪುಡಿ ಹಾಕಿ ಕಾರ್ಡ್ ಉಜ್ಜಿದ ಪ್ರಕರಣಗಳೂ ಇವೆ. ಹೊಸ ವರಸೆ ಏನೆಂದರೆ, ಆ್ಯಪ್‌ನಲ್ಲಿ ಪರಿಚಯವಾದ ಹುಡುಗಿಯೇ ‘ನನಗೆ ಗೊತ್ತಿರುವ ಬಾರ್’ ಅಂತ ಅಲ್ಲಿಗೇ ಕರೆದೊಯ್ಯುವುದು. ಜಾಗ ನೀವು ಆರಿಸಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೂ ಸೇರಿ. ಕಾಫಿಗೆ ಕರೆದು ‘ನಮ್ಮ ಗುರುಗಳು’, ‘ಒಂದು ಒಳ್ಳೆಯ ಬಿಸಿನೆಸ್’ ಅಂತ ಶುರು ಮಾಡುವವರೂ ಸಿಗುತ್ತಾರೆ. ಚೈನ್ ಮಾರ್ಕೆಟಿಂಗ್ ನಮ್ಮಲ್ಲೂ ನೋಡಿದ್ದೀರಿ, ವಾಸನೆ ಹಿಡಿಯುತ್ತೀರಿ. ತೊಂದರೆಯಾದರೆ ಪೊಲೀಸ್ 110, ಆಂಬುಲೆನ್ಸ್ 119. ಪ್ರವಾಸಿಗಳ ಇಂಗ್ಲಿಷ್ ಸಹಾಯವಾಣಿ 050-3816-2787, ದಿನದ 24 ಗಂಟೆಯೂ ಇರುತ್ತದೆ. ಪಾಸ್‌ಪೋರ್ಟ್ ಯಾವಾಗಲೂ ಜೇಬಿನಲ್ಲಿರಲಿ, ಅದು ಅಲ್ಲಿ ಕಡ್ಡಾಯ.

ಮತ್ತೆ ಒಸಾಕಾದ ಆ ಹುಡುಗಿಯ ವಿಷಯಕ್ಕೆ. ಒಂದೇ ಒಂದು ಮೆಸೇಜ್ ಕಳಿಸಿ. ಹೀಗಿರಲಿ: ‘ಏಪ್ರಿಲ್ ಶುರು ನಿಮಗೆ ಕೆಲಸದ ಹೊತ್ತು ಅಂತ ಗೊತ್ತಿರಲಿಲ್ಲ, ಕ್ಷಮಿಸಿ. ನಾನು 12ರಿಂದ 19ರವರೆಗೆ ಒಸಾಕಾದಲ್ಲಿ ಇರುತ್ತೇನೆ. ಒಂದು ದಿನ ಮಧ್ಯಾಹ್ನ ಒಂದು ಗಂಟೆ ಬಿಡುವಾದರೆ ಉಮೆದಾ ಕಡೆ ಕಾಫಿ ಕುಡಿಯೋಣ. ಆಗದಿದ್ದರೂ ಏನೂ ತೊಂದರೆ ಇಲ್ಲ. ಉತ್ತರ ಬರೆಯಲೇಬೇಕು ಅಂತಿಲ್ಲ.’ ನೋಡಿ, ಇದರಲ್ಲಿ ವಾರಪೂರ್ತಿ ಬಾಗಿಲು ತೆರೆದಿದೆ. ಹಗಲು ಹೊತ್ತು, ಜನ ಓಡಾಡುವ ಜಾಗ, ಒಂದೇ ಗಂಟೆ. ಕೊನೆಯ ಸಾಲು ಮುಖ್ಯ. ‘ಇಲ್ಲ’ ಅನ್ನುವ ಕೆಲಸವನ್ನು ನೀವೇ ಅವರ ಕೈಯಿಂದ ತೆಗೆದುಕೊಂಡಿರಿ. ದಿನ ಹೇಳಿ ಬರೆದರೆ ಹೋಗಿ. ಬರೀ ನಗುವ ಸ್ಟಿಕ್ಕರ್ ಬಂದರೆ ನೀವೂ ಒಂದು ಸ್ಟಿಕ್ಕರ್ ಕಳಿಸಿ, ಅಲ್ಲಿಗೆ ಬಿಡಿ.

ಗಿಫ್ಟ್ ಕೇಳಿದ್ದಿರಿ. ಸೀರೆ, ಬೆಳ್ಳಿ, ಪರ್ಫ್ಯೂಮ್ ಯಾವುದೂ ಬೇಡ. ದುಬಾರಿ ಕೊಟ್ಟರೆ ಅಷ್ಟೇ ಬೆಲೆಯದನ್ನು ವಾಪಸ್ ಕೊಡಬೇಕಾದ ಹೊರೆ ಅವರ ಮೇಲೆ ಬೀಳುತ್ತದೆ. ಗಂಧದ ಸೋಪು ಒಯ್ಯಿರಿ. ಜಪಾನಿನ ಅಗರಬತ್ತಿ ಮಾಡುವವರಿಗೆ ಮೈಸೂರು ಗಂಧ ಅಂದರೆ ಇವತ್ತಿಗೂ ದೊಡ್ಡ ಹೆಸರು, ‘ರೋಝಾನ್ ಬ್ಯಾಕುದಾನ್’ ಅಂತ ಬೇರೆಯಾಗಿಯೇ ಕರೆಯುತ್ತಾರೆ. ನಾಲ್ಕು ಸೋಪು ಇಟ್ಟುಕೊಳ್ಳಿ. ಆಕೆ ಬಂದರೆ ಒಂದು ಆಕೆಗೆ. ಬರದಿದ್ದರೆ ಕಾಫಿ ಅಂಗಡಿಯ ಮಾಲೀಕರಿಗೆ, ಪೇಪರ್ ಓದುವ ತಾತನಿಗೆ, ನಿಮ್ಮ ಜೊತೆ ಆಡಿದವರಿಗೆ. ಮತ್ತೆ, ಬ್ಯಾಡ್ಮಿಂಟನ್ ಶೂ ಚೀಲದಲ್ಲಿ ಹಾಕಿಕೊಳ್ಳಿ. ಬೀದಿಯಲ್ಲಿ ತೊಟ್ಟ ಶೂನಲ್ಲಿ ಅಲ್ಲಿನ ಕೋರ್ಟಿಗೆ ಕಾಲಿಡಲು ಬಿಡುವುದಿಲ್ಲ.